ಕೆಂಗಟ್ಟಿಯ ಐದು ಮಂಗಳವಾರ

ಶಿವಬಸವ ನಗರ, ಬೆಳಗಾವಿ
19 ಜನವರಿ 2025

ಪ್ರೀತಿಯ ಮಾಯಕ್ಕ ವೈನಿಗೆ,

ಅಣ್ಣನ ಕೈಯಲ್ಲಿ ಕಳಿಸಿದ ಕುಸುರೆಳ್ಳು ಮುಟ್ಟಿತು. ಡಬ್ಬಿಯ ಜೊತೆ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದೆ. "ಎಲ್ಲಾ ಆರಾಮ ಐತಿ" ಎಂದವನೇ ಟೆಂಪೊ ಚಾಲೂ ಮಾಡಿದ. ವಾರಕ್ಕೆ ಎರಡು ಸಲ ನೀವು ಭಟ್ಟಿಯಲ್ಲಿ ಸುಟ್ಟ ಮಣ್ಣಿನ ಬಟ್ಟಲು ತುಂಬಿಕೊಂಡು ಕೆಂಗಟ್ಟಿಯಿಂದ ನಮ್ಮ ಕಬ್ಬಿಣದ ಎರಕದ ಫೌಂಡ್ರಿಯ ಗೇಟಿನವರೆಗೆ ಬರುವ ಮನುಷ್ಯ, ಹೆಂಡತಿಯ ಒಂದು ಮಾತನ್ನು ತಂಗಿಗೆ ತಂದು ಕೊಡಲಾರ. ಊರಿಗೆ ಫೋನಿನ ಸಿಗ್ನಲ್ ಸರಿಯಾಗಿ ಬರುವವರೆಗೆ ನಮಗಿಬ್ಬರಿಗೂ ಈ ಕಾಗದವೇ ಗತಿ. ಅದನ್ನಾದರೂ ಅಣ್ಣ ಸೀಟಿನ ಕೆಳಗೆ ಮರೆಯದೆ ತಂದರೆ ಪುಣ್ಯ.

ಈಗ ನನ್ನ ಸುದ್ದಿ. ನಮ್ಮ ಕಂಪನಿಗೆ ಎಐ ಬಂದಿದೆ. ಯಾವ ಸಾಮಾನನ್ನು ಯಾರಿಂದ ತರಿಸಬೇಕು, ಯಾವಾಗ, ಎಷ್ಟು ಎನ್ನುವುದನ್ನು ಇನ್ನು ಮೇಲೆ ಅದೇ ಹೇಳುತ್ತದೆ. ಇಷ್ಟು ವರ್ಷ ಆ ಕೆಲಸ ಮಾಡಿದವಳು ನಾನು. ನಮ್ಮ ಮ್ಯಾನೇಜರ್ ಗಜಾನನ ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು, "ಯಾರೂ ಅಂಜಬ್ಯಾಡ್ರಿ, ಅದು ನಿಮಗ ಸಹಾಯ ಮಾಡಾಕ ಬಂದೈತಿ" ಎಂದರು. ಹೇಳುವಾಗ ಅವರ ಮುಖವೇ ಅಂಜಿದ ಹಾಗಿತ್ತು.

ಅದು ಸಾಮಾನು ಕೊಡುವವರಿಗೆಲ್ಲ ಬಣ್ಣ ಹಚ್ಚುತ್ತದೆ. ನಂಬಿಗಸ್ತರು ಹಸಿರು, ಅನುಮಾನ ಇದ್ದವರು ಹಳದಿ, ಬೇಡವಾದವರು ಕೆಂಪು. ನಿಮ್ಮ ಭಟ್ಟಿಗೆ ಹಳದಿ ಬಂದಿದೆ. ನನಗೆ ಸಿಟ್ಟೇ ಬಂತು. ಏಕೆಂದು ನೋಡಿದರೆ, ಪ್ರತಿವರ್ಷ ಜೂನಿನಲ್ಲಿ ನಿಮ್ಮ ಬಟ್ಟಲು ಕೇಳಿದ್ದಕ್ಕಿಂತ ಬಹಳ ಮುಂಚೆ ಬರುತ್ತವಂತೆ, ಆಮೇಲೆ ಮಂಗಳವಾರ ಬಂದಾಗೊಮ್ಮೆ ಏನೂ ಬರುವುದಿಲ್ಲವಂತೆ. ಊರು ವಾರ ಹಿಡಿದಾಗ ನಮಗೆ ತೊಂದರೆ ಆಗಬಾರದೆಂದು ನೀವು ಮೊದಲೇ ಸುಟ್ಟು ಕಳಿಸುತ್ತೀರಲ್ಲ, ಆ ಒಳ್ಳೆಯತನವೇ ಅದರ ಕಣ್ಣಿಗೆ ತಪ್ಪು. ತಡವಾಗಿ ಬಂದರೂ ತಪ್ಪು, ಮುಂಚೆ ಬಂದರೂ ತಪ್ಪು.

ಸುಮ್ಮನಿರಲಿಲ್ಲ ನಾನು. ಕಾರಣ ಬರೆಯಲು ಅದರಲ್ಲಿ ಒಂದು ಜಾಗವಿದೆ. ಹೀಗೆ ಬರೆದೆ: "ಖಾನಾಪುರ ತಾಲೂಕಿನ ಕೆಂಗಟ್ಟಿಯಲ್ಲಿ ಕಾರಹುಣ್ಣಿಮೆ ಮುಗಿದ ಮೇಲೆ, ಮೊದಲ ಮಂಗಳವಾರ ಬಿಟ್ಟು ಮುಂದಿನ ಐದು ಮಂಗಳವಾರ ಗ್ರಾಮದೇವಿ ದ್ಯಾಮವ್ವನ ವಾರ ಹಿಡಿಯುತ್ತಾರೆ. ಆ ದಿನ ಊರಲ್ಲಿ ಹುರಿಯುವುದಿಲ್ಲ, ಕರಿಯುವುದಿಲ್ಲ, ಒಗ್ಗರಣೆ ಕೊಡುವುದಿಲ್ಲ, ಭಟ್ಟಿಗೆ ಬೆಂಕಿ ಹಾಕುವುದಿಲ್ಲ. ಉಳಿದ ದಿನಗಳಲ್ಲಿ ಇವರಷ್ಟು ನಂಬಿಗಸ್ತರು ಯಾರೂ ಇಲ್ಲ." ಕೊನೆಯ ಸಾಲು ನನ್ನ ಸ್ವಂತದ್ದು, ತಪ್ಪು ತಿಳಿಯಬೇಡಿ. ಈಗ ಅದಕ್ಕೆ ವಿಷಯ ಗೊತ್ತಾಗಿದೆ. ಇನ್ನು ನಿಮಗೆ ಹಸಿರು ಬರುವುದೊಂದೇ ಬಾಕಿ.

ನಿಮ್ಮ ನಾದಿನಿ,
ಪ್ರಮಿಳಾ


ಕೆಂಗಟ್ಟಿ
2 ಫೆಬ್ರವರಿ 2025

ಪ್ರಮಿಳಾಗೆ ವೈನಿಯ ಆಶೀರ್ವಾದ.

ನಿನ್ನ ಕಾಗದವನ್ನು ಭಟ್ಟಿಯ ಮುಂದೆ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಕೈ ಮಣ್ಣಾಗಿದ್ದವರು ಮಣ್ಣಲ್ಲೇ ಕೈ ಇಟ್ಟುಕೊಂಡು ಕೇಳಿದರು. ನಿಮ್ಮ ಹೊಸ ಸಾಹೇಬ ಹೆಣ್ಣೋ ಗಂಡೋ ಎಂದು ಮೊದಲು ಕೇಳಿದವಳು ಭೀಮಕ್ಕಜ್ಜಿ. ಎರಡೂ ಅಲ್ಲ ಎಂದೆ. "ಹಂಗಾದ್ರ ಹೊಟ್ಟಿ ಇರೂದಿಲ್ಲ. ಹೊಟ್ಟಿ ಇಲ್ಲದವರ ಕೂಡ ಎಂಥಾ ವ್ಯವಹಾರ ಮಾಡತಾಳ ನಿನ್ನ ನಾದಿನಿ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಆ ಮಾತು ಮತ್ತೆ ನೆನಪಾಯಿತು.

ನಮ್ಮ ಮೇಲೆ ಅದಕ್ಕೇಕೆ ಅನುಮಾನ ಬರಬೇಕು? ನಮ್ಮ ಬಟ್ಟಲು ಒಡೆದು ಕಬ್ಬಿಣದ ರಸ ಚೆಲ್ಲಿತು ಎಂದು ನಿಮ್ಮ ಕಂಪನಿಯವರು ಒಂದು ದಿನವಾದರೂ ಹೇಳಿದ್ದಾರೆಯೇ? ಅಚ್ಚಿನ ಬಾಯಿಗೆ ಇಡುತ್ತಾರೆ, ರಸ ಸುರಿಯುತ್ತಾರೆ, ಆಮೇಲೆ ಒಡೆದು ಎಸೆಯುತ್ತಾರೆ. ಒಂದೇ ಸಲದ ಬಾಳು ಅದರದ್ದು. ಆ ಒಂದು ಸಲಕ್ಕೆ ಮೋಸ ಆಗಬಾರದೆಂದು ಮಣ್ಣನ್ನು ಮೂರು ಸಲ ಸೋಸುತ್ತೇವೆ. ಇದನ್ನೂ ಬರೆಯುವ ಜಾಗ ಇದ್ದರೆ ಬರೆ.

ನಿನಗೆ ನೆನಪಿದೆಯಲ್ಲ, ಈ ಭಟ್ಟಿ ಆಗುವ ಮುಂಚೆ ಇಲ್ಲಿ ನಿಮ್ಮಪ್ಪನ ಕುರಿದೊಡ್ಡಿ ಇತ್ತು. ಕುರಿ ಹೋದ ಮೇಲೆ ಊರಿನ ಹೆಂಗಸರೆಲ್ಲ ಕೂಲಿಗೆ ಗೋವಾಕ್ಕೆ ಹೋಗುತ್ತಿದ್ದರು. ಮಕ್ಕಳನ್ನು ಅತ್ತೆಯಂದಿರ ಹತ್ತಿರ ಬಿಟ್ಟು ಹೋದವರು ಬರುವಷ್ಟರಲ್ಲಿ ಮಕ್ಕಳಿಗೆ ತಾಯಿಯ ಗುರುತೇ ಸಿಗುತ್ತಿರಲಿಲ್ಲ. ನಾನು ಖಾನಾಪುರದಲ್ಲಿ ಕುಂಬಾರಿಕೆ ಕಲಿತು ಬಂದು ಗಡಿಗೆ ಮಾರಿದೆ, ನೀನು ಅದರಿಂದ ಓದಿ ಕೆಲಸ ಹಿಡಿದು ಕಂಪನಿಯಿಂದ ಮೊದಲ ಆರ್ಡರ್ ಕೊಡಿಸಿದೆ. ಅಂದಿನಿಂದ ಗೋವಾದ ಬಸ್ಸು ನಮ್ಮೂರಲ್ಲಿ ನಿಂತದ್ದಿಲ್ಲ. ಅಷ್ಟೇ ನಮಗೆ ಬೇಕಾದದ್ದು.

ಭೀಮಕ್ಕಜ್ಜಿ ಇನ್ನೊಂದು ಮಾತು ಹೇಳಿದಳು. "ಊರ ವಾರದ ಮಾತು ಊರಾಗ ಇರಬೇಕಿತ್ತು. ಪರಊರಿನವರಿಗೆ ಯಾಕ ಹೇಳಿದಳು?" ಒಳ್ಳೆಯದಕ್ಕೇ ಹೇಳಿದ್ದಾಳೆ ಎಂದೆ.

ನಿನ್ನ ವೈನಿ,
ಮಾಯಕ್ಕ


ಶಿವಬಸವ ನಗರ
16 ಮಾರ್ಚ್ 2025

ವೈನಿ,

ಈ ಕಾಗದ ಬರೆಯುವುದು ಬೇಡ ಎಂದು ನಾಲ್ಕು ದಿನ ಮುಂದೆ ಹಾಕಿದೆ. ಆದರೆ ಬುಧವಾರ ಅಣ್ಣನ ಟೆಂಪೊ ಅರ್ಧ ಖಾಲಿ ಬರಬೇಕಾಗುತ್ತದೆ. ಕಾರಣ ಅವನಿಂದ ನಿಮಗೆ ತಿಳಿಯುವುದಿಲ್ಲ.

ಹಳದಿ ಹೋಗಿ ಹಸಿರು ಬರುತ್ತದೆ ಎಂದು ಕಾಯುತ್ತಿದ್ದೆ. ಕೆಂಪು ಬಂತು. ನಾನು ಬರೆದ ಕಾರಣವನ್ನು ಅದು ಚೆನ್ನಾಗಿಯೇ ಓದಿಕೊಂಡಿದೆ. ಓದಿಕೊಂಡು ತನ್ನದೇ ಲೆಕ್ಕ ಹಾಕಿದೆ. ಮೊದಲು ನಿಮ್ಮ ಜೂನ್ ತಿಂಗಳ ಏರುಪೇರು ಏನೆಂದು ಅದಕ್ಕೆ ಗೊತ್ತಿರಲಿಲ್ಲ, ಬರೀ ಅನುಮಾನ ಇತ್ತು. ಈಗ ಖಾತ್ರಿಯಾಗಿದೆ: ಈ ಊರು ತನ್ನ ಮನಸ್ಸಿನಿಂದಲೇ ಕೆಲಸ ನಿಲ್ಲಿಸುವ ಊರು, ಮುಂದೆಯೂ ನಿಲ್ಲಿಸುತ್ತದೆ. ಹೀಗಾಗಿ ನಿಮ್ಮ ಆರ್ಡರಿನಲ್ಲಿ ಅರ್ಧವನ್ನು ಕೊಲ್ಲಾಪುರದ ಆಚೆಯ ಒಂದು ಕಾರ್ಖಾನೆಗೆ ಕೊಡಬೇಕೆಂದು ಸೂಚಿಸಿತು. ಅಲ್ಲಿ ಬಟ್ಟಲನ್ನು ಯಂತ್ರವೇ ಒತ್ತುತ್ತದೆ, ವಿದ್ಯುತ್ತಿನ ಒಲೆಯಲ್ಲಿ ಸುಡುತ್ತದೆ. ಅವರಿಗೆ ಯಾವ ದೇವಿಯ ವಾರವೂ ಇಲ್ಲ.

ನಿಮ್ಮ ಪಕ್ಕದ ಊರಿನಿಂದ ಕಟ್ಟಿಗೆ ಪೆಟ್ಟಿಗೆ ಕೊಡುವ ಸತ್ಯಪ್ಪ ಮಾಮಾನಿಗೂ ಕೆಂಪು ಬಂದಿದೆ. ಅವರ ಊರಲ್ಲಿ ವಾರ ಹಿಡಿಯುವುದೇ ಇಲ್ಲ. ಆದರೆ ನಿಮ್ಮ ಬಾಜೂ ಊರು ಎಂದಮೇಲೆ ಅವರೂ ನಿಮ್ಮ ಹಾಗೆಯೇ ಇರಬಹುದೆಂದು ಅದರ ಊಹೆ.

ಗಜಾನನ ಸರ್ ಹತ್ತಿರ ಹೋಗಿ ಜಗಳವನ್ನೇ ಮಾಡಿದೆ. "ಅದು ಬರೇ ಸಲಹೆ ಕೊಡತೈತ್ರೀ ಪ್ರಮಿಳಾ ಬಾಯಿ, ನಿರ್ಧಾರ ನಿಮ್ಮ ಕೈಯಾಗ ಐತಿ. ಒಪ್ಪಿಗಿ ಗುಂಡಿ ನೀವ ಒತ್ತಬೇಕು" ಎಂದರು. ನಾನು ಒತ್ತಲಿಲ್ಲ. ದಿನವಿಡೀ ಅದರ ಮುಂದೆ ಕೈ ಕಟ್ಟಿಕೊಂಡು ಕುಳಿತೆ. ಸಂಜೆಯವರೆಗೆ ಯಾರೂ ಬೇಡವೆನ್ನದಿದ್ದರೆ ಒಪ್ಪಿದ ಹಾಗೆಯಂತೆ. ಬೇಡ ಎನ್ನುವ ಗುಂಡಿ ಎಲ್ಲಿದೆ ಎಂದು ಕೇಳಿದರೆ, ಅದು ಅವರ ದರ್ಜೆಯವರಿಗೂ ಕಾಣುವುದಿಲ್ಲವಂತೆ, ಇನ್ನೂ ಮೇಲಿನವರಿಗೆ ಮಾತ್ರ ಇದೆಯಂತೆ. ಸಂಜೆ ನನ್ನ ಕಣ್ಣೆದುರೇ ಅದು ಒಪ್ಪಿಗೆ ಎಂದು ಬರೆದುಕೊಂಡಿತು. ಕೆಳಗೆ ನನ್ನ ಹೆಸರಿತ್ತು.

ನಿಮ್ಮ,
ಪ್ರಮಿಳಾ


ಕೆಂಗಟ್ಟಿ
6 ಏಪ್ರಿಲ್ 2025

ಪ್ರಮಿಳಾ,

ಟೆಂಪೊ ಈಗ ವಾರಕ್ಕೆ ಒಂದೇ ಸಲ ಬರುವುದರಿಂದ ಕಾಗದವೂ ತಡವಾಯಿತು.

ಅರ್ಧ ಕೆಲಸವನ್ನು ಎಲ್ಲರಿಗೂ ಹೇಗೆ ಹಂಚುವುದು ಎಂದು ಕುಳಿತು ಮಾತಾಡಿದೆವು. ಒಂದು ದಿನ ಅರ್ಧ ಜನ, ಮರುದಿನ ಇನ್ನರ್ಧ ಎಂದು ಗೊತ್ತಾಯಿತು. ಎರಡು ದಿನ ಹಾಗೆ ನಡೆಯಿತು. ಮೂರನೆಯ ದಿನ, ಬರಬಾರದಾಗಿದ್ದವರೂ ಬಂದು ಚಪ್ಪರದ ಕೆಳಗೆ ಕುಳಿತರು. ಮನೆಯಲ್ಲಿ ಕುಳಿತರೆ ಕೈ ಸುಮ್ಮನಿರುವುದಿಲ್ಲವಂತೆ. ಕೆಲಸ ಇದ್ದವರು ಮಾಡಿದರು, ಇಲ್ಲದವರು ನೋಡಿದರು. ಸಂಜೆ ಭೀಮಕ್ಕಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡು, "ನಾಳಿಂದ ನಾ ಬರೂದಿಲ್ಲ. ನನಗ ಮೊಣಕಾಲ ನೂಸತಾವು" ಎಂದಳು. ಅವಳ ಮೊಣಕಾಲು ಚೆನ್ನಾಗಿಯೇ ಇವೆ. ಭಟ್ಟಿಗೆ ಮೊದಲ ಬೆಂಕಿ ಇಡುವುದು ಯಾವಾಗಲೂ ಅವಳ ಕೈ ಎಂದು ನಿನಗೆ ಗೊತ್ತಲ್ಲ. ಬೆಂಕಿ ಇಡುವ ದಿನವಾದರೂ ಬಾ ಎಂದೆ. ಆಗಲಿ ಎಂದಳು.

ನಿನ್ನ ಅಣ್ಣ ಬೇರೆ ಬಾಡಿಗೆ ಹುಡುಕುತ್ತಿದ್ದಾನೆ. ನನಗೆ ಹೇಳಿಲ್ಲ. ಟೆಂಪೊದ ಮೇಲಿದ್ದ "ಕೆಂಗಟ್ಟಿ ಮಹಿಳಾ ಭಟ್ಟಿ" ಎಂಬ ಅಕ್ಷರ ಉಜ್ಜಿ ತೆಗೆದದ್ದನ್ನು ನಾನೇ ನೋಡಿದೆ.

ಈ ಕೆಳಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಅದನ್ನು ಓದಲು ಹೋಗಬೇಡ.

ನಿನ್ನ ವೈನಿ,
ಮಾಯಕ್ಕ


ಶಿವಬಸವ ನಗರ
25 ಮೇ 2025

ವೈನಿ,

ಹೊಡೆದು ಹಾಕಿದ ಸಾಲನ್ನು ಓದಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುತ್ತದೆ. "ನೀನು ಅದಕ್ಕೆ ಏನೂ ಹೇಳದೆ ಇದ್ದಿದ್ದರೆ ಹಳದಿಯಾಗಿಯೇ ಇರುತ್ತಿದ್ದೆವೇನೋ." ನೀವು ಹೊಡೆದು ಹಾಕಿದ್ದಕ್ಕೆ ನನಗೆ ಹೆಚ್ಚು ನೋವಾಯಿತು. ನೇರ ಬೈದಿದ್ದರೆ ಅಳು ಬಂದು ಹಗುರಾಗುತ್ತಿದ್ದೆ.

ಇಷ್ಟು ದಿನ ಉತ್ತರ ಬರೆಯದಿದ್ದದ್ದು ಅದಕ್ಕೇ. ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಕೋಟೆಗೆ ಹೋಗಿ ಕಮಲ ಬಸದಿಯ ಕಟ್ಟೆಯ ಮೇಲೆ ಕುಳಿತೆ. ಖೋಲಿಯಲ್ಲಿ ಬರೆಯಲಾಗದ್ದು ಅಲ್ಲಾದರೂ ಬರಬಹುದು ಎಂದುಕೊಂಡಿದ್ದೆ. "ವೈನಿ" ಎಂದು ಬರೆದು, ಕತ್ತಲಾದ ಮೇಲೆ ಎದ್ದು ಬಂದೆ.

ನಾನು ಬರೆದ ಕಾರಣವನ್ನು ಅಳಿಸಿ ನೋಡಿದೆ. ಬಣ್ಣ ಬದಲಾಗಲಿಲ್ಲ. ಯಂತ್ರವನ್ನು ಕೂರಿಸಿದ ಪುಣೆಯ ಓಂಕಾರ ಎನ್ನುವವರು ಬಂದಿದ್ದರು, ಅವರನ್ನೇ ಕೇಳಿದೆ. ಒಳ್ಳೆಯ ಮನುಷ್ಯ, ನಮ್ಮ ಕನ್ನಡವನ್ನೇ ಆಡುತ್ತಾರೆ, ಅವರ ತಾಯಿ ನಿಪ್ಪಾಣಿಯವರಂತೆ. "ಅಳಿಸಿದ್ರ ನೀವು ಬರದದ್ದು ಹೋಗತೈತ್ರಿ. ಅದು ಕಲತದ್ದು ಹೋಗೂದಿಲ್ಲ" ಎಂದರು. ಹಾಗಾದರೆ ಅದಕ್ಕೆ ಮರೆಸುವುದು ಹೇಗೆ ಎಂದೆ. "ಮರಸೂದು ಆಗೂದಿಲ್ಲ. ಬ್ಯಾರೆ ಕಲಸಬೇಕು. ವ್ಯಾಳ್ಯಾಕ್ಕ ಸರಿಯಾಗಿ, ಕೇಳಿದ ದಿನ, ಕೇಳಿದಷ್ಟ ಮಾಲು ಕೊಡಾಕ ಹತ್ತಿದ್ರ ಮೆಲ್ಲಕ ನಂಬತೈತಿ." ಆರ್ಡರೇ ಕೊಡದಿದ್ದರೆ ಸಮಯಕ್ಕೆ ಸರಿಯಾಗಿ ಕೊಡುವುದು ಹೇಗೆ ಎಂದು ಕೇಳಿದ್ದಕ್ಕೆ, ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಇದೇ ತಿಂಗಳಿಂದ ನಿಮ್ಮ ಭಟ್ಟಿಗೆ ವಾರದ ಆರ್ಡರ್ ಇಲ್ಲ. "ಬೇಕಾದಾಗ ಮಾತ್ರ" ಎಂಬ ಪಟ್ಟಿಗೆ ಯಂತ್ರ ನಿಮ್ಮನ್ನು ಹಾಕಿಬಿಟ್ಟಿದೆ. ಆ ಪಟ್ಟಿಯಿಂದ ವಾಪಸು ಬಂದವರನ್ನು ನಾನು ಇನ್ನೂ ನೋಡಿಲ್ಲ. ನನ್ನ ಬಾಜೂ ಕುರ್ಚಿಯ ಶೀತಲಳನ್ನು ಗೋದಾಮಿಗೆ ಹಾಕಿದರು. ನನ್ನನ್ನು ಮಾತ್ರ ಅಲ್ಲಿಯೇ ಉಳಿಸಿದ್ದಾರೆ. ಒಪ್ಪಿಗೆಯ ಕೆಳಗೆ ಯಾರದಾದರೂ ಹೆಸರು ಬೇಕಲ್ಲ.

ನನ್ನ ಡಿಪ್ಲೊಮಾ ಓದು ನಿಮ್ಮ ಕೈಯ ಮಣ್ಣಿನಿಂದ ಆಯಿತು. ಓದಿದ್ದರಿಂದ ನಿಮಗೆ ಹೀಗಾಯಿತು. ಇದನ್ನು ಹೊಡೆದು ಹಾಕುವುದಿಲ್ಲ, ಓದಿ.

ಪ್ರಮಿಳಾ


ಶಿವಬಸವ ನಗರ
5 ಜುಲೈ 2025, ಶನಿವಾರ

ವೈನಿ,

ಆತುರದಲ್ಲಿ ಬರೆಯುತ್ತಿದ್ದೇನೆ. ಅಣ್ಣ ಕೆಳಗೆ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಮಳೆಗೆ ನಿಮ್ಮ ಕಡೆ ಫೋನು ಪೂರ್ತಿ ಸತ್ತಿದೆ.

ಕೊಲ್ಲಾಪುರದ ಹತ್ತಿರ ಹೊಳೆ ಹೆದ್ದಾರಿಗೆ ಬಂದು ರಸ್ತೆ ಬಂದ್ ಆಗಿದೆ. ಆ ಕಾರ್ಖಾನೆಯ ಬಟ್ಟಲು ಬರುವ ದಾರಿ ಇಲ್ಲ. ನಮ್ಮಲ್ಲಿ ಇದ್ದದ್ದು ಬುಧವಾರಕ್ಕೆ ಮುಗಿಯುತ್ತದೆ. ಇಂದು ಮಧ್ಯಾಹ್ನ ಯಂತ್ರವೇ ಪಟ್ಟಿಯಲ್ಲಿದ್ದ ಎಲ್ಲರಿಗೂ ಕೇಳಿಕೆ ಕಳಿಸಿತು, ನಿಮಗೂ ಕಳಿಸಿದೆ. ಗುರುವಾರ ಮುಂಜಾನೆ ಗೇಟಿಗೆ ಬರಬೇಕು, ಒಂದು ಪೂರ್ತಿ ಭಟ್ಟಿಯಷ್ಟು. ಒಣಗಿಸಿ ಅಟ್ಟದ ಮೇಲಿಟ್ಟ ಹಸಿ ಬಟ್ಟಲು ನಿಮ್ಮಲ್ಲಿ ಇವೆಯೆಂದು ಅಣ್ಣನೇ ಹೇಳಿದ. ಅಷ್ಟು ಮಾತಾಡಿದ ಎಂದರೆ ಅವನಿಗೂ ಆಸೆ ಬಂದಿದೆ.

ಓಂಕಾರ ಅವರು ಹೇಳಿದ್ದು ಇದನ್ನೇ ಅಲ್ಲವೇ? ಕೇಳಿದ ದಿನ, ಕೇಳಿದಷ್ಟು. ಒಮ್ಮೆ ಕೊಟ್ಟರೆ ಅದು ಬೇರೆ ಕಲಿಯುತ್ತದೆ.

ಆದರೆ ಭಾನುವಾರ ಕಾಗದ ಮುಟ್ಟಿ, ಸೋಮವಾರ ಭಟ್ಟಿ ಜೋಡಿಸಿದರೆ, ಬೆಂಕಿ ಬೀಳುವುದು ಮಂಗಳವಾರವೇ. ಬುಧವಾರ ಆರಬೇಕು. ಮಂಗಳವಾರ ಮೂರನೆಯ ವಾರ ಎಂದು ನನಗೆ ಗೊತ್ತಿದೆ. ನಾನು ಏನನ್ನೂ ಕೇಳುತ್ತಿಲ್ಲ ವೈನಿ. ಹೇಳಬೇಕಾದ್ದನ್ನು ಹೇಳಿದ್ದೇನೆ. ಆಗುವುದಿಲ್ಲವೆಂದರೆ ಆಗುವುದಿಲ್ಲ.

ಪ್ರಮಿಳಾ


ಕೆಂಗಟ್ಟಿ
9 ಜುಲೈ 2025, ಬುಧವಾರ

ಪ್ರಮಿಳಾ,

ಈ ಕಾಗದ ಮಾಲಿನ ಜೊತೆಯೇ ಬರುತ್ತಿದೆ ಎಂದಮೇಲೆ ನಾವು ಏನು ಮಾಡಿದೆವು ಎಂಬುದು ನಿನಗೆ ತಿಳಿದೇ ಇರುತ್ತದೆ.

ಭಾನುವಾರ ಎಲ್ಲರನ್ನೂ ಕರೆದು ನಿನ್ನ ಕಾಗದ ಓದಿದೆ. ಪಂಚಮಿ ಮುಗಿದ ಮೇಲೆ ಗೋವಾಕ್ಕೆ ಹೋಗಲು ಆಗಲೇ ಕೆಲವರು ಹೆಸರು ಕೊಟ್ಟಿದ್ದಾರೆ. ಅವರ ಕಣ್ಣೆಲ್ಲ ನನ್ನ ಮೇಲಿತ್ತು. ಭಟ್ಟಿ ಜೋಡಿಸುವುದಾದರೂ ಜೋಡಿಸೋಣ, ಸೋಮವಾರಕ್ಕೆ ಯಾವ ಕಟ್ಟೂ ಇಲ್ಲವಲ್ಲ ಎಂದೆ. ಜೋಡಿಸಿದೆವು. ಮಳೆಗೆ ಕಟ್ಟಿಗೆ ನೆನೆಯದ ಹಾಗೆ ಮನೆಮನೆಯಿಂದ ಒಣಗಿದ್ದನ್ನು ತಂದರು. ಅಡುಗೆ ಕಟ್ಟಿಗೆಯನ್ನೂ ತಂದರು.

ಮಂಗಳವಾರ ಮುಂಜಾನೆ ಭಟ್ಟಿಯ ಬಾಯಿಗೆ ಯಾರೂ ಹತ್ತಿರ ಹೋಗಲಿಲ್ಲ. ನಾನೇ ಇಡುತ್ತೇನೆ, ಬಂದದ್ದು ನನಗೇ ಬರಲಿ ಎಂದು ಕಡ್ಡಿ ಗೀರಿದೆ. ಮಳೆಗಾಳಿಗೆ ಆರಿತು. ಅಷ್ಟರಲ್ಲಿ ಭೀಮಕ್ಕಜ್ಜಿ ಬಂದಳು. ವಾರ ಎಂದು ತಲೆಸ್ನಾನ ಮಾಡಿದ್ದಳು, ಹಣೆಯಲ್ಲಿ ದ್ಯಾಮವ್ವನ ಗುಡಿಯ ಭಂಡಾರದ ಅರಿಷಿಣ ಇತ್ತು. ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡಳು. "ಇದು ಎಂದಿಂದಲೂ ನನ್ನ ಕೆಲಸ. ಸಣ್ಣ ಮಕ್ಕಳ ತಾಯಂದಿರು ನೀವು, ನಿಮಗ ಬ್ಯಾಡ. ನನಗ ಇನ್ನ ಏನ್ ಉಳದೈತಿ? ಆಕಿಗೆ ನಾ ಹೇಳಕೊಂತೀನಿ" ಎಂದಳು. ಬೆಂಕಿ ಇಟ್ಟು, ಭಟ್ಟಿಗೆ ಬೆನ್ನು ಮಾಡಿ ಕುಳಿತಳು. ಇಳಿಹೊತ್ತಿನವರೆಗೂ ಒಂದು ಗುಟುಕು ನೀರು ಕುಡಿಯಲಿಲ್ಲ.

ಊರಲ್ಲಿ ಅಂದು ಒಂದು ಮನೆಯಲ್ಲೂ ಒಗ್ಗರಣೆಯ ವಾಸನೆ ಇಲ್ಲ. ಊರಿಗೆಲ್ಲ ಕಾಣುವ ಹಾಗೆ ಎದ್ದ ಹೊಗೆ ನಮ್ಮದೊಂದೇ. ಗಂಡಸರು ಕಂಬಳಿ ಹೊದ್ದು ಹೊರಗೆ ಬಂದು ನೋಡಿದರು. ಬೈದಿದ್ದರೆ ಬಾಯಿ ಮಾಡಬಹುದಿತ್ತು. ನೋಡಿ ಒಳಗೆ ಹೋದರು.

ಬಟ್ಟಲು ಚೆನ್ನಾಗಿ ಬೆಂದಿವೆ. ಬಡಿದರೆ ಗಂಟೆಯ ಹಾಗೆ ನುಡಿಯುತ್ತವೆ. ಒಂದನ್ನೂ ತೆಗೆದುಹಾಕುವಂತಿರಲಿಲ್ಲ. ನಿಮ್ಮ ಸಾಹೇಬನಿಗೆ ಹೇಳು, ಇನ್ನು ಮೇಲೆ ಕೆಂಗಟ್ಟಿಯವರು ಯಾವ ದಿನ ಬೇಕಾದರೂ ಬೆಂಕಿ ಹಾಕುತ್ತಾರೆ.

ನಿನ್ನ ವೈನಿ,
ಮಾಯಕ್ಕ


ಉದ್ಯಮಬಾಗ, ಫೌಂಡ್ರಿ ಗೇಟ್
10 ಜುಲೈ 2025, ಗುರುವಾರ

ವೈನಿ,

ನಿಮ್ಮ ಕಾಗದವನ್ನು ಗೇಟಿನ ಹೊರಗೆ ಟೆಂಪೊದಲ್ಲೇ ಕುಳಿತು ಓದಿದೆ. ಅಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಿಂದೆ ಬಟ್ಟಲು ತುಂಬಿವೆ. ಅಣ್ಣ ಬಾಜೂ ಕುಳಿತು ಗಾಡಿಯ ಮುಂದಿನ ಕಾಜಿನ ಮೇಲಿನ ಮಳೆನೀರನ್ನು ನೋಡುತ್ತಿದ್ದಾನೆ. ಮಾಲು ಒಳಗೆ ತೆಗೆದುಕೊಳ್ಳಲಿಲ್ಲ.

ಶನಿವಾರ ಕೇಳಿಕೆ ಕಳಿಸಿದ ಯಂತ್ರ, ಸೋಮವಾರ ಕುಳಿತು ಯಾರು ಕೊಡಬಹುದು, ಯಾರು ಕೊಡಲಾರರು ಎಂದು ಲೆಕ್ಕ ಹಾಕಿದೆ. ಕೆಂಗಟ್ಟಿಯ ಎದುರು ಬರೆದುಕೊಂಡಿದೆ: ಮಂಗಳವಾರ ವಾರ, ಭಟ್ಟಿಗೆ ಬೆಂಕಿ ಇಲ್ಲ, ಮಾಲು ಬರಲಾರದು. ನಿಮ್ಮ ಮೇಲಿನ ಕೇಳಿಕೆಯನ್ನು ವಾಪಸು ಪಡೆದು, ಆ ಎರಕವನ್ನೇ ರಸ್ತೆ ತೆರೆಯುವವರೆಗೆ ಮುಂದೂಡಿ, ಈ ವಾರ ಬೇರೆ ಕೆಲಸ ಹಚ್ಚಿಬಿಟ್ಟಿದೆ. ಅದಕ್ಕೆ ಬೇಕಾದ ಬಟ್ಟಲು ಬೇರೆ ಅಳತೆಯವು. ಆರ್ಡರ್ ನಂಬರ್ ಇಲ್ಲದ ಗಾಡಿಗೆ ಗೇಟು ತೆರೆಯುವುದಿಲ್ಲ.

ಮಂಗಳವಾರ ಕೆಲಸಕ್ಕೆ ಬಂದ ಕೂಡಲೇ ಇದು ಕಂಡಿತು. ನಿಮಗೆ ಫೋನು ಹಚ್ಚಿದೆ, ಅಣ್ಣನಿಗೆ ಹಚ್ಚಿದೆ, ಹತ್ತಲೇ ಇಲ್ಲ. ಬಸ್ಸು ಹಿಡಿದು ಬರಬೇಕಾಗಿತ್ತೇನೋ. ಅಷ್ಟೊತ್ತಿಗೆ ಬೆಂಕಿ ಬಿದ್ದಿರುತ್ತದೆ ಎಂದುಕೊಂಡೆ. ಇನ್ನೊಂದು ಆಸೆಯೂ ಇತ್ತು: ಸುಟ್ಟ ಮಾಲು ಬಂದು ಗೇಟಿನ ಮುಂದೆ ನಿಂತರೆ ಮನುಷ್ಯರಾದವರು ವಾಪಸು ಕಳಿಸಲಾರರು ಎಂದು.

ಗಜಾನನ ಸರ್ ಛತ್ರಿ ಹಿಡಿದು ಗೇಟಿನವರೆಗೆ ಬಂದರು. ಒಂದು ಬಟ್ಟಲು ಎತ್ತಿ ಬೆರಳಿನಿಂದ ಬಡಿದು ನೋಡಿದರು. "ಭಾಳ ಛಲೋ ಅದಾವ್ರಿ" ಎಂದರು. ಹಾಗಾದರೆ ತೆಗೆದುಕೊಳ್ಳಿ ಎಂದೆ. "ಎದರಾಗ ತಗೊಳ್ಳಲಿ? ನಂಬರ್ ಇಲ್ಲ. ನಾ ತಗೊಂಡ್ರ ನಾಳೆ ನನ್ನ ಹೆಸರಿಗೂ ಬಣ್ಣ ಬರತೈತಿ" ಎಂದು, ಬಟ್ಟಲನ್ನು ಇದ್ದ ಜಾಗದಲ್ಲೇ ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಬರುತ್ತಿದ್ದೆ.

ಭೀಮಕ್ಕಜ್ಜಿಗೆ ಹೇಗೆ ಹೇಳುತ್ತೀರಿ?

ಅಣ್ಣ ಗಾಡಿ ಚಾಲೂ ಮಾಡಿದ. ಕಾಗದವನ್ನು ಸೀಟಿನ ಕೆಳಗೆ ಇಡುತ್ತಿದ್ದೇನೆ.

ಪ್ರಮಿಳಾ


ಶಿವಬಸವ ನಗರ
20 ಜುಲೈ 2025

ವೈನಿ,

ಅಂಚೆಯಲ್ಲಿ ಹಾಕುತ್ತಿದ್ದೇನೆ. ಅಣ್ಣ ಈ ಕಡೆ ಬಂದಿಲ್ಲ, ಫೋನು ಎತ್ತುವುದಿಲ್ಲ. ಪಂಚಮಿಗೆ ನಾನು ಊರಿಗೆ ಬರಲೇ? ಬೇಡವೆಂದರೆ ಬೇಡ ಎಂದಾದರೂ ಒಂದು ಸಾಲು ಬರೆಯಿರಿ.

ಪ್ರಮಿಳಾ


ಕೆಂಗಟ್ಟಿ
12 ಆಗಸ್ಟ್ 2025, ಮಂಗಳವಾರ

ಪ್ರಮಿಳಾ,

ನಿನ್ನ ಕಾಗದ ಮುಟ್ಟುವಷ್ಟರಲ್ಲಿ ಪಂಚಮಿ ಮುಗಿದಿತ್ತು. ಬರಬೇಡ ಎಂದು ಬರೆಯುವ ಕೆಲಸ ತಪ್ಪಿತು. ನಿನಗಾಗಿ ಉಂಡಿ ಕಟ್ಟಿದ್ದೆ. ಕಳಿಸಲು ಗಾಡಿ ಇರಲಿಲ್ಲ.

ನಿನ್ನ ಅಣ್ಣನಿಗೆ ಬಾಡಿಗೆ ಸಿಕ್ಕಿದೆ. ಕೊಲ್ಲಾಪುರದ ಆಚೆಯ ಕಾರ್ಖಾನೆಯಿಂದ ಬಟ್ಟಲು ತುಂಬಿಕೊಂಡು ನಿಮ್ಮ ಗೇಟಿಗೇ ಬರುತ್ತಾನಂತೆ. ನಿನ್ನ ಕಣ್ಣಿಗೆ ಬಿದ್ದಿದ್ದರೂ ಅವನು ತಲೆ ತಗ್ಗಿಸಿಕೊಂಡು ಹೋಗಿರುತ್ತಾನೆ, ಬೇಸರ ಮಾಡಿಕೊಳ್ಳಬೇಡ. ನನಗೂ ಅವನು ಹೇಳಿಲ್ಲ. ಗಾಡಿಯೊಳಗೆ ಬಿದ್ದಿದ್ದ ಚೂರು ನೋಡಿ ತಿಳಿಯಿತು. ಬೆಳ್ಳಗೆ, ಹಗುರ, ಒಂದರ ಹಾಗೆ ಇನ್ನೊಂದು. ಚೆನ್ನಾಗಿಯೇ ಇವೆ.

ಅಂದು ವಾಪಸು ಬಂದ ಬಟ್ಟಲನ್ನು ಊರವರೆಲ್ಲ ಹಂಚಿಕೊಂಡರು. ಒಬ್ಬರು ಕೋಳಿಗೆ ನೀರಿಡುತ್ತಾರೆ, ಒಬ್ಬರು ತುಳಸಿ ಹಚ್ಚಿದ್ದಾರೆ. ಉಳಿದದ್ದು ಭಟ್ಟಿಯ ಮುಂದೆ ರಾಶಿಯಾಗಿ ಬಿದ್ದಿದೆ, ಅದರ ತುಂಬ ಮಳೆನೀರು. ಕೆಲಸದವರಲ್ಲಿ ಹೆಚ್ಚಿನವರು ನಿನ್ನೆ ಗೋವಾದ ಬಸ್ಸು ಹತ್ತಿದರು. ಬಸ್ಸು ನಮ್ಮೂರಲ್ಲಿ ನಿಲ್ಲುವುದನ್ನು ಮತ್ತೆ ಕಂಡೆ. ಹತ್ತಿದವಳೊಬ್ಬಳ ಸಣ್ಣ ಮಗಳು ಬಸ್ಸಿನ ಹಿಂದೆ ಕೆರೆಯವರೆಗೂ ಓಡಿತು.

ಭೀಮಕ್ಕಜ್ಜಿಗೆ ಹೇಗೆ ಹೇಳುತ್ತೀರಿ ಎಂದು ನೀನು ಕೇಳಿದ್ದೆ. ನಾನು ಏನನ್ನೂ ಹೇಳಬೇಕಾಗಲಿಲ್ಲ. ತುಂಬಿದ ಗಾಡಿ ತುಂಬಿಯೇ ಬಂದದ್ದನ್ನು ಅವಳು ಕಟ್ಟೆಯ ಮೇಲೆ ಕುಳಿತು ನೋಡಿದಳು. ಅಂದಿನಿಂದ ಗುಡಿಯ ಮುಂದೆ ಹಾಯುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ, ಅತ್ತೆಯ ಮುಂದೆ ಹಾಯುವ ಸೊಸೆಯ ಹಾಗೆ. ಒಳಗೆ ಹೋಗುವುದಿಲ್ಲ. "ಹೇಳಕೊಂತೀನಿ ಅಂದಿದ್ದೆ. ಏನಂತ ಹೇಳಲಿ?" ಎಂದು ಒಮ್ಮೆ ಮಾತ್ರ ಕೇಳಿದಳು.

ನಿನಗೆ ಹೇಳಬೇಕಾದ ಮಾತು ಇನ್ನೂ ಒಂದಿದೆ. ನಾಲ್ಕನೆಯ ಮಂಗಳವಾರ ಮೇಲಿನ ಓಣಿಯಲ್ಲಿ ಯಾರದೋ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಯಾರೂ ಹೋಗಿ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು: "ಭಟ್ಟಿಗೆ ಬೆಂಕಿ ಬಿದ್ದ ಮ್ಯಾಲ ನಮ್ಮ ಸಾಸಿವಿ ಯಾವ ಲೆಕ್ಕ?" ವಾರದ ದಿನ ಮುಚ್ಚಿರುತ್ತಿದ್ದ ಹಿಟ್ಟಿನ ಗಿರಣಿ ಐದನೆಯ ಮಂಗಳವಾರ ಮುಂಜಾನೆಯೇ ಚಾಲೂ ಆಯಿತು, ಮನೆಮನೆಯಲ್ಲೂ ಹುರಿದರು, ಕರಿದರು. ನಾನೊಬ್ಬಳೇ ಬೇಳೆ ಬೇಯಿಸಿ ಉಪ್ಪು ಹಾಕಿಕೊಂಡು ಉಂಡೆ. ಬಾಯಿಗೆ ಸೇರಲಿಲ್ಲ. ಮುಂದಿನ ವರ್ಷ ನಾನೂ ಹಿಡಿಯುವುದಿಲ್ಲ ಎಂದು ಕಾಣುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಅದೂ ಇಲ್ಲ. ನಿನ್ನಲ್ಲಿ ಕೇಳುವುದು ಒಂದೇ. ನಿಮ್ಮ ಯಂತ್ರ ಕಲಿತದ್ದರಲ್ಲಿ ನಮ್ಮ ಊರಿನ ಹೆಸರು ಇನ್ನೂ ಇದೆಯಲ್ಲ, ಕಾರಹುಣ್ಣಿಮೆ ಮುಗಿದ ಮೇಲೆ ಐದು ಮಂಗಳವಾರ ಕೆಂಗಟ್ಟಿಯಲ್ಲಿ ದ್ಯಾಮವ್ವನ ವಾರ, ಭಟ್ಟಿಗೆ ಬೆಂಕಿ ಇಲ್ಲ ಎಂದು. ಅದನ್ನು ಹಾಗೇ ಬಿಡು. ಊರಲ್ಲಿ ಈಗ ಯಾರೂ ವಾರ ಹಿಡಿಯುವುದಿಲ್ಲ ಎಂದು ಅದಕ್ಕೆ ಹೇಳಬೇಡ.

ನಿನ್ನ ವೈನಿ,
ಮಾಯಕ್ಕ